ಮಲೀದಾ ತಟ್ಟೆ

ಬಚ್ಚಲಲ್ಲಿ ನಲ್ಲಿ ಬಿಟ್ಟ ಸದ್ದಾದಾಗ ಸ್ಯಾಮ್ಸನ್ ಚೌಲ್ಕರ್ ಎಚ್ಚರವಾಗಿಯೇ ಇದ್ದ. ಕಣ್ಣು ಮಾತ್ರ ತೆರೆಯಲಿಲ್ಲ. ತೆರೆದರೆ ಫ್ಲೋರಾ ಏನಾದರೂ ಕೇಳುತ್ತಾಳೆ, ಕೇಳಿದರೆ ಉತ್ತರ ಕೊಡಬೇಕು, ಕೊಟ್ಟರೆ ಅದು ಮತ್ತೊಂದು ಸುಳ್ಳು. ಮೆಲ್ಬರ್ನಿನ ಈ ಹೋಟೆಲಿನ ಹಾಸಿಗೆ ಅತಿಯಾಗಿ ಮೆತ್ತಗಿತ್ತು. ಮಗ್ಗುಲು ಬದಲಿಸಿದಾಗಲೆಲ್ಲ ಹೋದ ವರ್ಷ ಕೊಯ್ದು ಕೂಡಿಸಿದ ಎದೆಮೂಳೆ ನಾನಿದ್ದೇನೆ ಎನ್ನುತ್ತಿತ್ತು. ಅರ್ಧ ತೆರೆದ ಬಾಗಿಲಲ್ಲಿ ಅವಳ ಬೆನ್ನು ಕಾಣುತ್ತಿತ್ತು. ಬೇಸಿನ್ನಿನ ಮೇಲೆ ಜರಡಿ ಹಿಡಿದುಕೊಂಡು ಅವಲಕ್ಕಿ ತೊಳೆಯುತ್ತಿದ್ದಳು. ಜರಡಿ ಸಿಡ್ನಿಯಿಂದ ತಂದದ್ದು, ಅವಲಕ್ಕಿ ಸಿಡ್ನಿಯಿಂದ ತಂದದ್ದು, ತುರಿದ ಕಾಯಿಯಂತೂ ಐಸ್ ಪೆಟ್ಟಿಗೆಯಲ್ಲಿ ಕೂತು ಇವರ ಜೊತೆ ವಿಮಾನ ಹತ್ತಿ ಬಂದಿತ್ತು. ಏರ್‌ಪೋರ್ಟಿನ ಹುಡುಗಿ ಪೆಟ್ಟಿಗೆ ತೆರೆಸಿ ಇದೇನು ಎಂದು ಕೇಳಿದಾಗ ಫ್ಲೋರಾ ಇಂಗ್ಲಿಷಿನಲ್ಲಿ, "ನನ್ನ ಗಂಡನ ಆಯುಷ್ಯ" ಎಂದಿದ್ದಳು. ಹುಡುಗಿ ನಕ್ಕಿದ್ದಳು. ಸ್ಯಾಮ್ಸನ್ನೂ ನಕ್ಕಿದ್ದ. ನಗುವುದು ಅವನಿಗೆ ಸುಲಭ. ಈ ದೇಶದಲ್ಲಿ ಅವನು ಮೊದಲು ಕಲಿತದ್ದೇ ಅದು.

ಹನ್ನೊಂದಕ್ಕೆ ಸಮಾರಂಭ. ಕಾಲ್‌ಫೀಲ್ಡಿನ ಯಹೂದಿ ವೃದ್ಧಾಶ್ರಮವೊಂದರಲ್ಲಿ ಇವರಿಬ್ಬರ ದುಡ್ಡಿನಲ್ಲಿ ಹೊಸ ಅಡುಗೆಮನೆ, ಊಟದ ಹಾಲ್ ಎದ್ದಿತ್ತು. ಗೋಡೆಯ ಮೇಲೆ ಹಿತ್ತಾಳೆ ಫಲಕ, ಫಲಕದ ಮೇಲೆ ಇವರಿಬ್ಬರ ಹೆಸರು. ಸಿಡ್ನಿಯಲ್ಲಿ ಒಂದು ಶಾಲೆಯ ಲೈಬ್ರರಿಗೆ, ಒಂದು ಆಂಬುಲೆನ್ಸಿಗೆ, ಸ್ಮಶಾನದ ಒಂದು ಕಲ್ಲುಬೆಂಚಿಗೆ ಆಗಲೇ ಆ ಹೆಸರಿದೆ. ಆದರೆ ಮೆಲ್ಬರ್ನ್ ಎಂದರೆ ಬೇರೆ. ಹಡಗಿಳಿದ ಊರು ಇದು, ಮೊದಲ ಬಾಡಿಗೆ ಮನೆ ಹಿಡಿದ ಊರು, ಇಲ್ಲಿಯ ಯಹೂದಿಗಳ ಬಾಗಿಲಲ್ಲಿ ನಿಂತು ನಾನೂ ನಿಮ್ಮವನೇ ಎಂದು ಹೇಳಬೇಕಾಗಿ ಬಂದ ಊರು. ಅದು ಫ್ಲೋರಾಳಿಗೂ ನೆನಪಿತ್ತು. ಆಪರೇಷನ್ ಥಿಯೇಟರಿನ ಹೊರಗೆ, ಮಗಳು ಕಾಫಿ ತರಲು ಹೋಗಿದ್ದಾಗ, ಅವಳು ಗೋಡೆಗೆ ಹಣೆಯಿಟ್ಟು ಎಲಿಯಾಹು ಪ್ರವಾದಿಗೆ ಹರಕೆ ಹೊತ್ತಿದ್ದಳು: ಇವರು ಎದ್ದು ನಡೆದರೆ ಮಲೀದಾ ಇಡತೀನಿ, ಮನಿಯಾಗಲ್ಲ, ಮೆಲ್ಬರ್ನಿನ ಆ ಮಂದಿ ಮುಂದ. ನೆನೆಸಿದ ಅವಲಕ್ಕಿ, ಕಾಯಿತುರಿ, ಸಕ್ಕರೆ, ಏಲಕ್ಕಿ ಕಲಸಿ ತಟ್ಟೆ ತುಂಬ ಹರಡಿ, ಸುತ್ತ ಹಣ್ಣು ಖರ್ಜೂರ ಜೋಡಿಸಿ, ನಡುವೆ ಒಂದು ಗುಲಾಬಿ ಇಟ್ಟು ಪ್ರವಾದಿಯನ್ನು ಕರೆಯುವುದು. ಲೋಕದ ಬೇರೆ ಯಾವ ಯಹೂದಿಗಳಿಗೂ ಇಲ್ಲದ, ಇವರ ಪಂಗಡವಾದ ಕೊಂಕಣದ ಬೆನೆ ಇಸ್ರೇಲಿಗಳಿಗೆ ಮಾತ್ರ ಇರುವ ಪದ್ಧತಿ. ಸ್ಯಾಮ್ಸನ್ ಎದ್ದ, ನಡೆದ, ತೂಕ ಇಳಿಸಿದ. ಹರಕೆ ಬಾಕಿ ಉಳಿಯಿತು. ವೃದ್ಧಾಶ್ರಮದವರನ್ನು ಕೇಳಿರಿ ಎಂದು ಅವಳು ಹೇಳಿದಳು. ಕೇಳೀನಿ, ಹ್ಞೂಂ ಅಂದಾರ ಎಂದು ಅವನು ಹೇಳಿದ. ಅವನು ಕೇಳಿರಲಿಲ್ಲ.

"ಎದ್ದೀರೇನು? ಎಚ್ಚರಾಗಿ ಸುಮ್ನ ಮಲಗೀರಿ, ನನಗ ಗೊತ್ತಾಗತೈತಿ" ಎಂದಳು ಫ್ಲೋರಾ ಒಳಗಿನಿಂದಲೇ. "ಗುಲಾಬಿ ಎಲ್ಲಿ ಸಿಗತೈತಿ ಈ ಊರಾಗ?"

"ನೋಡೂಣು."

"ನೋಡೂಣು ಅಂದ್ರ ಆಗಂಗಿಲ್ಲ. ತಾಟು ಎಲ್ಲಿ ಇಡೂದು ಅಂತ ಆ ರಬ್ಬಿಗೆ ಕೇಳೀರಿ ಹೌದಿಲ್ಲೋ?"

"ಹೇಳಿದ್ನಲ್ಲ." ಅವನು ಎದ್ದು ಕೂತು ಚಪ್ಪಲಿ ಹುಡುಕಿದ. "ಒಂದು ಕೆಲಸ ಮಾಡೂಣು. ಪೆಟ್ಟಿಗಿ ಕೆಳಗ ರಿಸೆಪ್ಶನ್ನಿನ್ಯಾಗ ಇಟ್ಟು ಹೋಗೂಣು. ಅವರ ಮಂದಿ ಬಂದು ಒಯ್ತಾರ."

ಅವಳು ಬಾಗಿಲಿಗೆ ಬಂದಳು. ಮೊಣಕೈತನಕ ಒದ್ದೆ, ಬೆರಳಿಗೆ ಅವಲಕ್ಕಿ ಅಂಟಿತ್ತು. ಅವನನ್ನು ಒಂದು ಗಳಿಗೆ ನೋಡಿ, "ಹರಕಿ ತಾಟು ನಾ ಯಾರ ಕೈಯಾಗೂ ಕೊಡೂದಿಲ್ಲ" ಎಂದು ಒಳಗೆ ಹೋದಳು. ಅಲ್ಲಿಗೆ ಅವನ ಮೊದಲನೆಯ ಉಪಾಯ ಮುಗಿಯಿತು. ಎರಡನೆಯದು ಇರಲಿಲ್ಲ. ಟ್ಯಾಕ್ಸಿಯಲ್ಲಿ ಹೇಳಿದರಾಯಿತು ಎಂದುಕೊಂಡು ಅವನು ಷೇವ್ ಮಾಡಿಕೊಂಡ.

ಟ್ಯಾಕ್ಸಿಯಲ್ಲಿ ಅವಳು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದಿದ್ದಳು. ಟ್ರಾಮ್ ಹಳಿಯ ಮೇಲೆ ಕಾರು ಕುಲುಕಿದಾಗ ಒಳಗೆ ಸ್ಟೀಲಿನ ತಟ್ಟೆ ಟಣ್ ಎನ್ನುತ್ತಿತ್ತು. ಮುಂದಿನ ಸಿಗ್ನಲ್ಲಿನಲ್ಲಿ ಹೇಳುತ್ತೇನೆ ಎಂದು ಅವನು ಮನಸ್ಸಿನಲ್ಲಿ ಗೊತ್ತುಮಾಡಿಕೊಂಡ, ಸಿಗ್ನಲ್ ಹಸಿರೇ ಇತ್ತು. ಅದರ ಮುಂದಿನದರಲ್ಲಿ ನಿಂತಿತು; ಆಗ ಅವಳು ಕಿಟಕಿಯಿಂದ ನೋಡುತ್ತ, "ಇಲ್ಲೇ ಇತ್ತಲ್ರೀ ನಮ್ಮ ಫ್ಲಾಟು? ಕೆಳಗ ಹೇರ್‌ಕಟಿಂಗ್ ಅಂಗಡಿ" ಎಂದಳು. ಇಲ್ಲಿರಲಿಲ್ಲ, ಅದು ಇನ್ನೂ ಆಚೆ ಬೀದಿ, ಆದರೆ ಅವನು ಹ್ಞೂಂ ಎಂದ. ಆ ಫ್ಲಾಟಿನ ಅಡುಗೆಮನೆಯ ಕಿಟಕಿ ಮುಚ್ಚುತ್ತಿರಲಿಲ್ಲ. ಚಳಿಗೆ ಅದಕ್ಕೆ ಅವನ ಮದುವೆಯ ಕೋಟು ತುರುಕಿದ್ದರು. ಬಂದ ವರ್ಷವೇ ಫ್ಲೋರಾ ಬಸುರಿಯಾದಾಗ ಮಲೀದಾ ಇಡುತ್ತೇನೆಂದು ಹಟ ಹಿಡಿದು ಶೂಲಿನಲ್ಲಿ ಪರಿಚಯವಾದ ಮೂರು ಮನೆಯವರನ್ನು ಕರೆದಿದ್ದಳು. ಶೂಲು ಎಂದರೆ ಇಲ್ಲಿಯವರ ಸಿನಗಾಗ್, ಪ್ರಾರ್ಥನಾ ಮಂದಿರ. ಆ ಶಬ್ದವನ್ನೂ ಇವರು ಇಲ್ಲಿಗೆ ಬಂದೇ ಕಲಿತರು. ಬಂದವರು ಪೋಲೆಂಡಿನಿಂದ, ಹಂಗೇರಿಯಿಂದ ಎಲ್ಲವನ್ನೂ ಕಳೆದುಕೊಂಡು ಬಂದವರು, ಒಳ್ಳೆಯವರು, ಅದರಲ್ಲಿ ಸುಳ್ಳಿಲ್ಲ. ಸೀರೆಯುಟ್ಟ ಫ್ಲೋರಾ ತಟ್ಟೆ ಇಟ್ಟಳು, ಸ್ಯಾಮ್ಸನ್ ತಲೆಗೆ ಟೊಪ್ಪಿ ಹಾಕಿಕೊಂಡು ಅಪ್ಪನಿಂದ ಬಂದ ರಾಗದಲ್ಲಿ ಪ್ರವಾದಿಯನ್ನು ಕರೆದ. ಭಜನೆಯ ರಾಗ ಅದು, ಹುಬ್ಬಳ್ಳಿಯ ರೈಲ್ವೆ ಕಾಲೊನಿಯಲ್ಲಿ ಸಂಜೆ ಯಾವ ಮನೆಯಿಂದಲಾದರೂ ಕೇಳಿಬರಬಹುದಾದ ರಾಗ. ಹಾಡು ಮುಗಿದ ಮೇಲೆ ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಒಬ್ಬಾಕೆ ಬಲು ಮೃದುವಾಗಿ, "ಇದು ಹಿಂದೂಗಳ ಪೂಜೆಯಲ್ಲವೇ, ಡಿಯರ್? ನೀವು ಯಾವಾಗ ಮತಾಂತರ ಆದದ್ದು?" ಎಂದು ಕೇಳಿದಳು. ಫ್ಲೋರಾ ಅಷ್ಟೇ ಮೃದುವಾಗಿ, "ನೀವು ಯಾವಾಗ?" ಎಂದಳು. ಆಕೆಯ ಮುಖ ಕೆಂಪಾಯಿತು. ಆಗ ಸ್ಯಾಮ್ಸನ್ ನಕ್ಕಿದ್ದ. ಹೆಂಡತಿಯ ಕಡೆಗಲ್ಲ, ಆಕೆಯ ಕಡೆಗೆ ತಿರುಗಿ, ಇವಳು ಹೀಗೇ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎನ್ನುವ ಹಾಗೆ. ಬಂದವರು ಒಂದೊಂದು ಖರ್ಜೂರ ತೆಗೆದುಕೊಂಡು ಹೊರಟರು. ಉಳಿದ ಅವಲಕ್ಕಿಯನ್ನು ಗಂಡ ಹೆಂಡತಿ ಮರುದಿನ, ಅದರ ಮರುದಿನ ತಿಂದರು. ಹುಳಿ ಬರುವತನಕ ತಿಂದರು.

ಆಮೇಲೆ ಆ ರಾಗವನ್ನು ಅವನು ಬೇರೆಯವರ ಕಿವಿಗೆ ಬೀಳಗೊಡಲಿಲ್ಲ. ಸಿಡ್ನಿಗೆ ಹೋದರು. ಸೆವೆನ್ ಹಿಲ್ಸಿನಲ್ಲಿ ಶೆಡ್ಡು ಹಿಡಿದು ಫ್ಲೋರಾ ಲಟ್ಟಿಸಿದ ಚಪಾತಿಯನ್ನು ಫ್ರೀಜ್ ಮಾಡಿ ಮಾರಲು ಹೊರಟಾಗ ಕೊಳ್ಳುವವರೇ ಇರಲಿಲ್ಲ. ಆಮೇಲೆ ವಿಮಾನ ವಿಮಾನವೇ ಇಂಡಿಯನ್ನರು ಬಂದಿಳಿದರು. ಈಗ ಕ್ವೇಕರ್ಸ್ ಹಿಲ್ಲಿನ ಯಾವ ಮನೆಯ ಫ್ರೀಜರ್ ತೆರೆದರೂ ಅವನ ಪರೋಟ ಇರುತ್ತದೆ, ನಾರ್ವೆಸ್ಟಿನ ಆಫೀಸುಗಳ ಮೈಕ್ರೊವೇವಿನಲ್ಲಿ ಅವನ ಚಪಾತಿ ತಿರುಗುತ್ತದೆ. ಪ್ಯಾಕೆಟ್ಟಿನ ಮೇಲೆ ಹಣೆಗೆ ದೊಡ್ಡ ಕುಂಕುಮವಿಟ್ಟ ಹೆಂಗಸಿನ ಚಿತ್ರ ಹಾಕಿಸಿದಾಗ ಫ್ಲೋರಾ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇಕಿ ಯಾರ್ರೀ? ನಿಮ್ಮ ಇನ್ನೊಬ್ಬಾಕಿ ಹೇಣ್ತಿ?" ಎಂದಿದ್ದಳು. ಅಂಗಡಿಯವರಿಗೆ ಅವನು ಸ್ಯಾಮ್ ಅಂಕಲ್. ಕ್ರಿಶ್ಚಿಯನ್ ಇರಬೇಕು ಎಂದು ಅವರೇ ತಿಳಿದುಕೊಂಡರು, ಅವನೂ ತಿದ್ದಲಿಲ್ಲ. ಅತ್ತ ಶೂಲಿನಲ್ಲಿ ಇಂಡಿಯನ್ ಅನ್ನಿಸಿಕೊಳ್ಳದಿರಲು, ಇತ್ತ ಅಂಗಡಿಯಲ್ಲಿ ಇಂಡಿಯನ್ ಅಲ್ಲ ಅನ್ನಿಸಿಕೊಳ್ಳದಿರಲು ಪಟ್ಟ ಪಾಡಿಗೆ ಪಗಾರ ಇದ್ದಿದ್ದರೆ ಪರೋಟ ಮಾರುವ ಅಗತ್ಯವೇ ಬರುತ್ತಿರಲಿಲ್ಲ. ಎರಡೂ ಕಡೆ ಗೆದ್ದ ಎಂದು ಜನ ಹೇಳುತ್ತಾರೆ. ಗೆದ್ದದ್ದು ಹೌದು. ಬಹಳ ದಣಿವಾಗಿದೆ ಎಂಬುದೂ ಹೌದು. ದಾನ ಕೊಡುವಾಗ ಕೂಡ ಅವನಿಗೆ ಪರೀಕ್ಷೆಗೆ ಕೂತ ಹಾಗೆ ಅನ್ನಿಸುತ್ತಿತ್ತು. ಪಾಸಾದಿರಿ ಎಂದು ಯಾರೂ ಯಾವತ್ತೂ ಹೇಳಲಿಲ್ಲ, ಬದಲಿಗೆ ಹೊಸ ಕಟ್ಟಡದ ನಕ್ಷೆ ತಂದು ತೋರಿಸುತ್ತಿದ್ದರು.

ಸಿಗ್ನಲ್ ಬಿಟ್ಟಿತು. ಇನ್ನು ಎರಡು ತಿರುವು. ಈಗ ಹೇಳದಿದ್ದರೆ ಗೇಟಿನಲ್ಲಿ ತಾನಾಗಿಯೇ ಬಯಲಾಗುತ್ತದೆ. ಆದರೆ ಏನನ್ನು ಹೇಳುವುದು? ಒಪ್ಪಿಗೆ ಸಿಕ್ಕಿಲ್ಲ ಎಂದೇ? ಅಷ್ಟೇ ಆಗಿದ್ದರೆ ಎಂದೋ ಹೇಳಿಬಿಡುತ್ತಿದ್ದ. ಇಬ್ಬರೂ ಕೂಡಿ ಆ ಮಂದಿಯನ್ನು ಬೈದು ಹಗುರಾಗುತ್ತಿದ್ದರು. ಬೈಯಲು ಅವರಿಗೊಂದು ಭಾಷೆಯೂ ಇತ್ತು. ಇಬ್ಬರ ಅಪ್ಪಂದಿರೂ ಹುಬ್ಬಳ್ಳಿ ವರ್ಕ್‌ಶಾಪಿನವರು. ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ. ಇಲ್ಲಿ ಮುಂಬಯಿಯಿಂದ ಬಂದ ತಮ್ಮವರಿಗೆಲ್ಲ ಮರಾಠಿ ತಿಳಿಯುತ್ತದೆಂದು ಗಂಡಹೆಂಡಿರ ಗುಟ್ಟು, ಜಗಳ, ಉಂಡ ಮನೆಯ ಊಟದ ಮೇಲಿನ ಟೀಕೆ ಎಲ್ಲವನ್ನೂ ಕನ್ನಡಕ್ಕೆ ದಾಟಿಸಿ, ಮಕ್ಕಳಿಗೂ ಕಲಿಸದೆ ಅದನ್ನು ತಮ್ಮಿಬ್ಬರ ನಡುವೆಯೇ ಇಟ್ಟುಕೊಂಡಿದ್ದರು. ಆದರೆ ಈ ಸಂಗತಿಯನ್ನು ಅವನು ಯಾವ ಭಾಷೆಯಲ್ಲೂ ಹೇಳಲಾರದವನಾಗಿದ್ದ. ಯಾಕೆಂದರೆ ಕಾಲ್‌ಫೀಲ್ಡಿನ ಅಡುಗೆಮನೆಯ ಕೋಶರ್, ಎಂದರೆ ಯಹೂದಿ ಆಹಾರ ನಿಯಮಗಳ, ಉಸ್ತುವಾರಿ ನೋಡುವ ಧರ್ಮಗುರು ರಬ್ಬಿ ಝಲ್ಮನ್ ತಾನಾಗಿಯೇ ಫೋನು ಮಾಡಿದ್ದ. ಸ್ಯಾಮ್ಸನ್ ಫ್ಯಾಕ್ಟರಿಯ ಅಂಗಳದಲ್ಲಿ ನಿಂತಿದ್ದ, ಲಾರಿ ರಿವರ್ಸ್ ಬರುತ್ತಿತ್ತು. "ನಿಮ್ಮವರಲ್ಲಿ ಪ್ರವಾದಿಗೆ ಒಂದು ತಟ್ಟೆ ಇಡುತ್ತಾರೆ ಎಂದು ಓದಿದೆ, ಮಿಸ್ಟರ್ ಚೌಲ್ಕರ್. ಹೊರಗೆ ಮಾಡಿದ್ದನ್ನು ನಾವು ಒಳಗೆ ಬಿಡುವ ಹಾಗಿಲ್ಲ, ನಿಮಗೆ ಗೊತ್ತು. ಆದರೆ ಮಿಸೆಸ್ ಚೌಲ್ಕರ್ ಬೆಳಿಗ್ಗೆ ಸ್ವಲ್ಪ ಬೇಗ ಬಂದು ನಮ್ಮ ಅಡುಗೆಮನೆಯಲ್ಲೇ ಮಾಡಬಹುದಲ್ಲ? ನಿಮ್ಮದೇ ಅಡುಗೆಮನೆ ಅದು. ಸಾಮಾನು ನಾನು ತರಿಸಿಡುತ್ತೇನೆ. ಹೊಸ ಹಾಲ್‌ನ ಮೊದಲ ಪ್ರಾರ್ಥನೆ ನಿಮ್ಮ ಪದ್ಧತಿಯದೇ ಆಗಲಿ. ನಮಗದು ಗೌರವ." ಲಾರಿಯ ಸದ್ದಿನಲ್ಲಿ ಸ್ಯಾಮ್ಸನ್ನನಿಗೆ ಆ ಕೆಂಪಾದ ಮುಖ ಕಂಡಿತು, ಮೆತ್ತನೆಯ ಡಿಯರ್ ಕೇಳಿಸಿತು, ಹಾಲಿನಲ್ಲಿ ಕೂತ ನೂರಾರು ಮಂದಿ ಒಂದೊಂದು ಖರ್ಜೂರ ತೆಗೆದುಕೊಂಡು ಏಳುವುದು ಕಂಡಿತು. "ಓಹ್, ಅದಾ? ಅದು ಹಳ್ಳಿ ಕಡೆಯವರದು ರಬ್ಬಿ" ಎಂದು ನಕ್ಕಿದ್ದ. "ನಾವೀಗ ಅದನ್ನೆಲ್ಲ ಮಾಡುವುದಿಲ್ಲ." ನಾನು ಎಂದಿದ್ದರೆ ಆಗುತ್ತಿತ್ತು. ನಾವು ಎಂದಿದ್ದ.

ಗೇಟಿನಲ್ಲಿ ಸೆಕ್ಯುರಿಟಿಯವನು ಇವರ ಹೆಸರು ಕೇಳಿ, ಗೋಡೆಯ ಮೇಲಿನ ಹೆಸರೇ ಎಂದು ತಿಳಿದು ಸೆಲ್ಯೂಟ್ ಹೊಡೆಯುವುದೊಂದು ಬಾಕಿ. ಆದರೂ ಪೆಟ್ಟಿಗೆ ತೆರೆಸಿದ. ಈಗೀಗ ದಾಳಿಯ ಭಯಕ್ಕೆ ಯಹೂದಿಗಳ ಯಾವ ಗೇಟಿನಲ್ಲೂ ಏನನ್ನೂ ತೆರೆಯದೆ ಬಿಡುವುದಿಲ್ಲ. ಬಿಳಿಯ ಅವಲಕ್ಕಿಯನ್ನು ಅವನು ನೋಡಿದ, ಫೋನು ಮಾಡಿದ. ರಬ್ಬಿ ಝಲ್ಮನ್ ಓಡಿಕೊಂಡೇ ಬಂದ. ಸಣಕಲು ಮನುಷ್ಯ, ಗಡ್ಡದ ಮೇಲೆ ಹಿಟ್ಟು ಬಿದ್ದಿತ್ತು. ಪೆಟ್ಟಿಗೆಯೊಳಗೆ ಬಗ್ಗಿ ನೋಡಿದವನ ಮುಖ ಅರಳಿತು, ಆಮೇಲೆ ಬಾಡಿತು.

"ಇದು ಅದೇ ತಟ್ಟೆ ಅಲ್ಲವೇ? ಆದರೆ ಮಿಸೆಸ್ ಚೌಲ್ಕರ್, ನೀವು ಈಗ ಇದನ್ನು ಮಾಡುವುದಿಲ್ಲ ಎಂದು ಮಿಸ್ಟರ್ ಚೌಲ್ಕರ್..." ಎಂದು ಇಬ್ಬರ ಮುಖವನ್ನೂ ನೋಡಿದ. "ಎಂಥ ಕೆಲಸವಾಯಿತು ನೋಡಿ. ನಿಮಗೆ ಬೇಕಾಗಬಹುದೇನೋ ಎಂದು ತೆಂಗಿನಕಾಯಿ ತರಿಸಿದ್ದೆ. ಗುಲಾಬಿ ಕೂಡ ತರಿಸಿದ್ದೆ. ಬೆಳಿಗ್ಗೆ ಅಡುಗೆಮನೆ ಖಾಲಿಯೇ ಇತ್ತು. ಈಗ ಹೋಟೆಲಿನಲ್ಲಿ ಮಾಡಿದ್ದನ್ನು ಹೇಗೆ ಒಳಗೆ... ನನ್ನನ್ನು ಕ್ಷಮಿಸಬೇಕು. ಮುಂದಿನ ವಾರ ಬರುತ್ತೀರಾ? ಯಾವ ದಿನವಾದರೂ ಸರಿ."

ಫ್ಲೋರಾ ಗಂಡನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ಅವಳು ಪೆಟ್ಟಿಗೆಯ ಮುಚ್ಚಳವನ್ನು ನಾಲ್ಕೂ ಕಡೆ ಒತ್ತಿ ಮುಚ್ಚಿ, ರಬ್ಬಿಗೆ ತನ್ನ ಒಳ್ಳೆಯ ಇಂಗ್ಲಿಷಿನಲ್ಲಿ, "ತಪ್ಪು ನನ್ನದೇ ರಬ್ಬಿ. ಇವರು ಹೇಳಿದ್ದರು, ನಾನೇ ಮರೆತೆ. ವಯಸ್ಸು ನೋಡಿ" ಎಂದಳು. ಪಾರ್ಕಿಂಗಿನ ಪಕ್ಕ ಕೆಲಸದವರು ಕೂರುವ ಒಂದು ಮರದ ಬೆಂಚಿತ್ತು. ಪೆಟ್ಟಿಗೆಯನ್ನು ಅದರ ಮೇಲಿಟ್ಟು ಸೀರೆಯ ನೆರಿಗೆ ಸರಿಮಾಡಿಕೊಂಡು ಒಳಗೆ ನಡೆದಳು. ಬೈದಿದ್ದರೆ, ಅಲ್ಲಿಯೇ ಗೇಟಿನಲ್ಲಿ ಎಲ್ಲರೆದುರು ಬೈದಿದ್ದರೆ, ಸ್ಯಾಮ್ಸನ್ ತಡೆದುಕೊಳ್ಳುತ್ತಿದ್ದ. ಅವಳು ಅವನ ಮಾನ ಕಾಯ್ದಿದ್ದಳು. ಅದು ಎದೆಮೂಳೆಯ ಸಂದಿಯಲ್ಲಿ ನೋಯತೊಡಗಿತು.

ಹಾಲಿನಲ್ಲಿ ಆದದ್ದೆಲ್ಲ ಇಂಥ ಕಡೆ ಯಾವಾಗಲೂ ಆಗುವಂಥದ್ದೇ. ಅಧ್ಯಕ್ಷ ಸ್ವಾಗತಿಸಿದ, ಚೌಲ್ಕರ್ ಎಂಬುದನ್ನು ಚಾಲ್ಕರ್ ಎಂದ, ಚೋಕರ್ ಎಂದ, ಕೊನೆಗೆ ಸ್ಯಾಮ್ ಮತ್ತು ಫ್ಲೋರಾ ಎಂದು ಬಿಡುಗಡೆ ಪಡೆದ. ಗಾಲಿಕುರ್ಚಿಗಳಲ್ಲಿ ಕೂತ ಮುದುಕ ಮುದುಕಿಯರು ಕೇಕು ಯಾವಾಗ ಬರುತ್ತದೆಂದು ಬಾಗಿಲ ಕಡೆ ನೋಡುತ್ತಿದ್ದರು. ಅವರಲ್ಲಿ ಆ ಕೆಂಪು ಮುಖದಾಕೆ ಇರಬಹುದೇ ಎಂದು ಸ್ಯಾಮ್ಸನ್ ಹುಡುಕಿದ. ಆಕೆ ಸತ್ತು ಬಹಳ ವರ್ಷ ಆಗಿರಬೇಕು. ಅಂಜಿಕೆ ಮಾತ್ರ ಅವನೊಂದಿಗೆ ಬದುಕಿಕೊಂಡು ಬಂದಿತ್ತು, ಊಟ ಹಾಕಿ ಸಾಕಿದವನು ಅವನೇ. ಅವನನ್ನು ಕರೆದರು. ಸಿಡ್ನಿಯಲ್ಲಿ ಎಷ್ಟೋ ಸಲ ಹೇಳಿದ ಮಾತನ್ನೇ ಹೇಳಿದ: ಈ ಸಮುದಾಯ ನಮ್ಮನ್ನು ತೆರೆದ ತೋಳುಗಳಿಂದ ಬರಮಾಡಿಕೊಂಡಿತು, ನಾವು ಋಣಿಗಳು. ಚಪಾತಿಯ ಜೋಕು ಹೇಳಿದ. ನಕ್ಕರು. ಮೊದಲ ಸಾಲಿನಲ್ಲಿ ಫ್ಲೋರಾ ಅವನನ್ನೇ ನೋಡುತ್ತ ಕೂತಿದ್ದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ, ಬಹಳ ದಿನದಿಂದ ಗೊತ್ತಿದ್ದ ಸುದ್ದಿಯನ್ನು ಇನ್ನೊಬ್ಬರ ಬಾಯಿಂದ ಕೇಳಿಸಿಕೊಂಡವಳ ಹಾಗಿದ್ದಳು. ಇಬ್ಬರೂ ಸೇರಿ ದಾರ ಎಳೆದಾಗ ಫಲಕದ ಮೇಲಿನ ಪರದೆ ಸರಿಯಿತು. ಹೆಸರಿನ ಅಕ್ಷರಗಳು ಸರಿಯಾಗಿದ್ದವು. ಅವಳ ಕೈ ತಣ್ಣಗಿತ್ತು. ಫೋಟೊ ತೆಗೆದರು, ಚಹಾ ಬಂತು, ಯಾರೋ ಇನ್ನೊಂದು ಕಟ್ಟಡದ ವಿಷಯ ಎತ್ತಿದರು, ಅವನು ತಲೆಯಾಡಿಸಿದ. ತಿರುಗಿ ನೋಡಿದಾಗ ಫ್ಲೋರಾ ಅಲ್ಲಿರಲಿಲ್ಲ.

ಅವಳು ಪಾರ್ಕಿಂಗಿನ ಬೆಂಚಿನ ಬಳಿ ಬಗ್ಗಿ ನಿಂತಿದ್ದಳು. ತಟ್ಟೆಯನ್ನು ಬೆಂಚಿನ ಮೇಲಿಟ್ಟು ಅವಲಕ್ಕಿಯನ್ನು ಅಂಗೈಯಿಂದ ಹರಡುತ್ತಿದ್ದಳು. ಬಾಳೆಹಣ್ಣು, ಸೇಬು, ಕಿತ್ತಳೆ, ದ್ರಾಕ್ಷಿ, ಖರ್ಜೂರ ಒಂದೊಂದಾಗಿ ಅಂಚಿಗೆ ಕೂರುತ್ತಿದ್ದವು. ಬೆಂಚಿನೆದುರಿಗೇ ಹೊಸ ಹಾಲಿನ ದೊಡ್ಡ ಗಾಜಿನ ಗೋಡೆ. ಒಳಗೆ ಕಪ್ಪು ಹಿಡಿದ ಜನ ಓಡಾಡುವುದು ಕಾಣುತ್ತಿತ್ತು.

"ಫ್ಲೋರಾ, ಇಲ್ಲಿ ಬ್ಯಾಡ" ಎಂದ ಅವನು. "ಸಿಡ್ನಿಗೆ ಹೋಗಿ ಮನಿಯಾಗ ಇಡೂಣು. ಎಲ್ಲಾರ್ನೂ ಕರಿಯೂಣು."

"ಮನಿಯಾಗ ಅಂತ ನಾ ಬೇಡಿಕೊಂಡಿಲ್ಲ. ಆ ಮಂದಿ ಮುಂದ ಅಂದಿದ್ದೆ." ಅವಳು ಗಾಜಿನ ಕಡೆ ಗಲ್ಲ ಎತ್ತಿದಳು. "ಮಂದಿ ಕಾಣತಾರಲ್ಲ."

"ನಾ ಹೇಳಬೇಕು ಅಂತಿದ್ದೆ."

"ಯಾವಾಗ?"

ಅವನು ಉರುಳಲಿದ್ದ ಕಿತ್ತಳೆಯೊಂದನ್ನು ತಟ್ಟೆಯ ಅಂಚಿಗೆ ಒತ್ತಿದ.

"ಐವತ್ತು ವರ್ಷ ನಾವು ಏನಂತ ಮಾತಾಡಿಕೊಂಡ್ವಿ?" ಅವಳ ದನಿ ಏರಲಿಲ್ಲ. "ಅವರು ಹಂಗ, ಅವರು ಹಿಂಗ, ಅವರು ನಮ್ಮನ್ನ ಒಳಗ ತೊಗೊಳಂಗಿಲ್ಲ. ಇವತ್ತ ಆ ರಬ್ಬಿ ತೆಂಗಿನಕಾಯಿ ತಂದಿಟ್ಟಾನ. ಗುಲಾಬಿ ತಂದಿಟ್ಟಾನ. ನನ್ನ ತಾಟು ಬ್ಯಾಡ ಅಂದಾಂವ ಅವನಲ್ಲ. ನೀವು ಅಂದ್ರಿ."

"ನನಗ ನಾಚಿಕಿ ಬಂತು" ಎಂದ ಸ್ಯಾಮ್ಸನ್. ಅಷ್ಟು ಸುಲಭವಾಗಿ ಅದು ಬಾಯಿಂದ ಹೊರಬಂದದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು. "ಮತ್ತ ಯಾರರ ಪೂಜಿ ಅಂದಾರು ಅಂತ. ನಿನ್ನ ನೋಡಿ ನಗತಾರ ಅಂತ."

"ನನ್ನ ನೋಡಿ ನಕ್ಕರ ನನಗ ಏನಾಗತೈತಿ? ನೀವು ಅವತ್ತ ಅಕಿ ಕಡೆ ನೋಡಿ ನಕ್ಕಿರಲ್ಲ, ಅದು ಇನ್ನೂ ನೋಯತೈತಿ ನನಗ."

ಅವಳಿಗೆ ಅದು ಗೊತ್ತಾಗಿಲ್ಲ ಎಂದೇ ಅವನು ಇಷ್ಟು ವರ್ಷ ತಿಳಿದಿದ್ದ. ಹಿಂದೆ ಯಾರೋ ಕೆಮ್ಮಿದರು. ನೀಲಿ ಸಮವಸ್ತ್ರದ ಹುಡುಗಿಯೊಬ್ಬಳು, ಆಶ್ರಮದ ಆರೈಕೆಯ ಕೆಲಸದವಳಿರಬೇಕು, ಕೈಯಲ್ಲೊಂದು ಕೆಂಪು ಗುಲಾಬಿ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಅಜ್ಜಿ, ಇದು ರಬ್ಬಿ ಕೊಟ್ಟು ಕಳ್ಸಿದ್ರು. ಹೂವಿಗೇನೂ ರೂಲ್ಸ್ ಇಲ್ವಂತೆ" ಎಂದಳು. ಇಬ್ಬರೂ ತನ್ನನ್ನು ದಿಟ್ಟಿಸುತ್ತಿರುವುದನ್ನು ಕಂಡು ಕೆಂಪಾದಳು. "ಸಾರಿ. ನಂಗೆ ಎಲ್ಲಾ ಕೇಳಿಸ್ಬಿಡ್ತು. ನನ್ನ ಹೆಸ್ರು ಗಾನವಿ, ಹಾಸನದವಳು. ಇಲ್ಲಿ ಕನ್ನಡ ಮಾತಾಡೋರು ಇರ್ತಾರೆ ಅಂತ ನಾನು... ಅದೂ ನೀವು... ಸಾರಿ ಅಂಕಲ್."

ಐವತ್ತು ವರ್ಷ ಇಬ್ಬರೇ ಬಾಗಿಲು ಹಾಕಿಕೊಂಡು ಕೂತಿದ್ದ ಕೋಣೆಗೆ ಈ ಹುಡುಗಿ ಗುಲಾಬಿ ಹಿಡಿದು ಬಂದುಬಿಟ್ಟಿದ್ದಳು. ಸ್ಯಾಮ್ಸನ್ ಮುಖ ಬೇರೆ ಕಡೆ ತಿರುಗಿಸಿದ. ಫ್ಲೋರಾ ಮಾತ್ರ ಹುಡುಗಿಯ ಕೈಯಿಂದ ಹೂವು ತೆಗೆದುಕೊಂಡು, "ಸಾರಿ ಯಾಕವ್ವ, ಚೊಲೋ ಆತು. ಯಾರರ ಒಬ್ಬರು ಕೇಳಬೇಕಾಗಿತ್ತು" ಎಂದಳು. ಗುಲಾಬಿಯನ್ನು ಅವಲಕ್ಕಿಯ ನಡುವೆ ಕೂರಿಸಿದಳು.

"ನಮ್ಮನೇಲೂ ಹೀಗೇ ಮಾಡ್ತಾರೆ ಅಜ್ಜಿ. ಅವಲಕ್ಕಿ, ಕಾಯಿ. ಕೃಷ್ಣಾಷ್ಟಮಿಗೆ. ಇದೂ ಪೂಜೆನಾ?"

ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲೆಂದೇ ಸ್ಯಾಮ್ಸನ್ ಒಂದು ಇಡೀ ಬಾಳು ಖರ್ಚು ಮಾಡಿದ್ದ. ಫ್ಲೋರಾ, "ಪೂಜಿ ಅನ್ನವಾ, ಪ್ರಾರ್ಥನಾ ಅನ್ನವಾ, ಇಲ್ಲೇ ನಿಂದಿರು. ನೀ ನಮ್ಮ ಮಂದಿ ಇವತ್ತ" ಎಂದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಗಂಡನ ಕಡೆ ತಿರುಗಿದಳು. "ಹಾಡ್ರಿ."

ಅವನು ಜೇಬಿನಿಂದ ಟೊಪ್ಪಿ ತೆಗೆದು ತಲೆಗಿಟ್ಟುಕೊಂಡ. ಗಾಜಿನ ಆಚೆ ಒಬ್ಬಿಬ್ಬರು ಇತ್ತ ನೋಡುತ್ತಿದ್ದರು. ಅಧ್ಯಕ್ಷ ಕಪ್ಪು ಕೆಳಗಿಟ್ಟು ಪಕ್ಕದವನಿಗೆ ಏನೋ ಹೇಳುತ್ತಿದ್ದ. ನೋಡಲಿ ಎಂದುಕೊಂಡ. ಗಂಟಲು ಸರಿಮಾಡಿಕೊಂಡು ಪ್ರವಾದಿಯ ಹೆಸರು ಹಿಡಿದು ಶುರು ಮಾಡಿದ. ಒಂದು ಸಾಲು ಹಾಡಿದ ಮೇಲೆ ಫ್ಲೋರಾ ತಲೆಯೆತ್ತಿದ್ದು ಕಂಡು ನಿಲ್ಲಿಸಿದ.

"ಇದು ಅವರ ರಾಗ" ಎಂದಳು ಅವಳು.

ಹೌದು, ಅವರದೇ. ಸಿಡ್ನಿಯ ಶೂಲಿನಲ್ಲಿ ವಾರವಾರವೂ ಪಕ್ಕದವರ ತುಟಿ ನೋಡಿ ನೋಡಿ ಕಲಿತ ರಾಗ. ಅವನು ಕಣ್ಣು ಮುಚ್ಚಿ ಅಪ್ಪನನ್ನು ನೆನೆದ. ಅಪ್ಪನ ಎಣ್ಣೆಕಲೆಯ ಖಾಕಿ ಅಂಗಿ ನೆನಪಿಗೆ ಬಂತು, ಹಾಡುವಾಗ ತೊಡೆಯ ಮೇಲೆ ತಾಳ ಹಾಕುತ್ತಿದ್ದ ಬೆರಳು ನೆನಪಿಗೆ ಬಂತು, ಬಾಯಿ ತೆರೆದು ಮುಚ್ಚುವುದೂ ಕಂಡಿತು. ದನಿ ಬರಲಿಲ್ಲ. ಮತ್ತೆ ಶುರು ಮಾಡಿದ. ಮತ್ತೆ ಅದೇ ರಾಗ, ಅಚ್ಚುಕಟ್ಟಾಗಿ, ತಪ್ಪಿಲ್ಲದೆ. ಯಾರ ಕಿವಿಗೂ ಬೀಳದ ಹಾಗೆ ಬಚ್ಚಿಟ್ಟಿದ್ದೇನೆ ಎಂದುಕೊಂಡಿದ್ದ. ತೆಗೆಯಲು ಹೋದರೆ ಅಲ್ಲಿ ಏನೂ ಇರಲಿಲ್ಲ. "ಬರವಲ್ದು ಫ್ಲೋರಾ" ಎಂದ. "ಮರತು ಹೋಗೇತಿ."

ಅವಳು ಅವನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಾನೇ ಹಾಡತೊಡಗಿದಳು. ಹೆಂಗಸರು ಮುಂದಾಗಿ ಹಾಡುವುದನ್ನು ಅವನು ಎಲ್ಲೂ ಕಂಡಿರಲಿಲ್ಲ, ಹುಬ್ಬಳ್ಳಿಯಲ್ಲೂ ಇಲ್ಲ, ಇಲ್ಲೂ ಇಲ್ಲ. ದನಿ ಒಡೆದಿತ್ತು, ಮೇಲಿನ ಸ್ವರ ಸಿಗುತ್ತಿರಲಿಲ್ಲ, ಆದರೆ ರಾಗ ಇತ್ತು. ರೈಲ್ವೆ ಕಾಲೊನಿಯ ಸಂಜೆಯ ರಾಗ, ಅಡುಗೆಮನೆಯ ಬಾಗಿಲ ಹಿಂದೆ ನಿಂತ ಹೆಂಗಸರು ಕೇಳಿಸಿಕೊಂಡೇ ಉಳಿಸಿಕೊಂಡ ರಾಗ. ಸ್ಯಾಮ್ಸನ್ ಅವಳಿಗಿಂತ ಒಂದು ಶಬ್ದ ಹಿಂದೆ, ಹೊಸದಾಗಿ ಕಲಿಯುವವನಂತೆ ಹಿಂಬಾಲಿಸಿದ. ಗಾಜಿನ ಗೋಡೆಯ ತುಂಬ ಈಗ ಮುಖಗಳಿದ್ದವು. ಒಂದು ಗಾಲಿಕುರ್ಚಿಯನ್ನು ಯಾರೋ ಗಾಜಿನ ಹತ್ತಿರಕ್ಕೆ ತಳ್ಳಿದರು. ರಬ್ಬಿ ಝಲ್ಮನ್ ಹೊರಗೆ ಬಂದು ಬಾಗಿಲಲ್ಲೇ ತಲೆ ಬಗ್ಗಿಸಿ ನಿಂತಿದ್ದ.

ಹಾಡು ಮುಗಿದ ಮೇಲೆ, ಕೈಮುಗಿದು ನಿಂತಿದ್ದ ಗಾನವಿ ಹಾಗೆ ಮುಗಿಯಬಹುದೋ ಇಲ್ಲವೋ ತಿಳಿಯದೆ ಕೈ ಇಳಿಸಿದಳು. ಫ್ಲೋರಾ ತಟ್ಟೆಯಿಂದ ಒಂದು ಹಿಡಿ ಅವಲಕ್ಕಿ ತೆಗೆದು ಗಂಡನ ಮುಂದೆ ಹಿಡಿದಳು. ಅವನು ಎರಡೂ ಕೈ ಜೋಡಿಸಿ ಒಡ್ಡಿದ.

"ತಿನ್ರಿ" ಎಂದಳು. "ನಿಮ್ಮ ಜೀವ ಬೇಡಿಕೊಂಡಿದ್ದು ಐತಿ."

ಅವನು ಎಲ್ಲರೂ ನೋಡುತ್ತಿರುವಂತೆಯೇ ತಿಂದ. ಹೋಟೆಲಿನಿಂದ ಇಲ್ಲಿಯತನಕ ಬರುವಷ್ಟರಲ್ಲಿ ಅದು ಸ್ವಲ್ಪ ಒಣಗಿತ್ತು. ಅಗಿಯಲು ಹೊತ್ತು ಹಿಡಿಯಿತು. ಅವಳು ಎರಡನೆಯ ಹಿಡಿಯನ್ನು ಹುಡುಗಿಗೆ ಕೊಟ್ಟು, ಮೂರನೆಯದನ್ನು ತಾನು ಬಾಯಿಗೆ ಹಾಕಿಕೊಂಡು, ಬೆಂಚಿನ ತುದಿಯಲ್ಲಿ ಅವನಿಗೆ ಬೆನ್ನು ಮಾಡಿ ಕೂತಳು.